ಉದುರಿದ ಹರಳು

ಚನ್ನಗಿರಿಯಲ್ಲಿ ನಿಂತು ಅಡಿಕೆ ಬಿಟ್ಟು ಮಾತಾಡೋದು ಹೇಗೆ? ಹಿಂಗಾರದಲ್ಲಿ ಕಚ್ಚಿದ ಹರಳೆಲ್ಲ ಗೊನೆಯಲ್ಲಿ ನಿಲ್ಲೋದಿಲ್ಲ, ಅರ್ಧಕ್ಕರ್ಧ ಬುಡದಲ್ಲಿ ಉದುರಿರುತ್ತವೆ. ಹೆಣ್ಣಿನ ಅಂಡಾಶಯವೂ ಹಾಗೇ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ ಅಂಡಕೋಶ, ಒಂದೊಂದರಲ್ಲೂ ಒಂದು ತತ್ತಿ. ಬಲಿತು ಹೊರಗೆ ಬರೋದು ಸುಮಾರು 400. ಉಳಿದವು ಒಳಗೇ ಕರಗಿ ಹೋಗುತ್ತವೆ. ಯಾವುದು ಉಳೀಬೇಕು ಅಂತ ಗೊತ್ತು ಮಾಡೋರು ಯಾರು?

ಹೊನ್ನಾಳಿಯಲ್ಲಿ ನಮ್ಮ ಮೇಷ್ಟ್ರು ಕಪ್ಪೆ ಕೊಯ್ದು ತೋರಿಸೋರು. ಮೇಣದ ತಟ್ಟೆ ಮೇಲೆ ಸಾಸಿವೆ ಚೆಲ್ಲಿದ ಹಾಗೆ ತತ್ತಿ, ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳಿ. ನಡುನಡುವೆ ಮಾಸಲು ಕಂದು ಚುಕ್ಕೆ. ಕೊಳೆ ಅಂದುಕೊಂಡು ಚಿಮಟ ಹಾಕಿದೆ. ಕೈ ಹಿಡಿದರು: “ತೆಗೀಬೇಡ ಕಣೋ, ಅದು ಸತ್ತ ತತ್ತಿ. ಅದನ್ನೇ ನೋಡು.” ಧಾರವಾಡದ ಪ್ರಾಣಿಶಾಸ್ತ್ರಜ್ಞ ಎಸ್. ಕೆ. ಸೈದಾಪುರ ಅವರು ಇದೇ ಸಾವಿನ ಬಗ್ಗೆ 1978ರಲ್ಲಿ ದೊಡ್ಡ ಸಮೀಕ್ಷಾ ಲೇಖನ ಬರೆದಿದ್ದರು ಅಂತ ಆಮೇಲೆ ತಿಳಿಯಿತು.

ಈ ಸಾವು-ಬದುಕಿನ ತೀರ್ಮಾನದಲ್ಲಿ ಈಗ ಕೇಳಿಬರುವ ಹೆಸರು ಮೈಕ್ರೋ ಆರ್‌ಎನ್‌ಎ. ಅದು ಸುಮಾರು 22 ಅಕ್ಷರದ ತುಣುಕು. ಜೀನಿನ ಆದೇಶ ಹೊತ್ತ ಓಲೆಗೆ ಅಂಟಿಕೊಂಡು, ಪ್ರೋಟೀನ್ ಆಗದಂತೆ ತಡೆಯುತ್ತದೆ. 1993ರಲ್ಲಿ ಹುಳುವೊಂದರಲ್ಲಿ ಸಿಕ್ಕಿತು, 2024ರಲ್ಲಿ ನೊಬೆಲ್ ಬಂತು.

ನನ್ನ ತಕರಾರು ಇಲ್ಲಿದೆ. ತತ್ತಿಯ ಹಣೆಬರಹ ತತ್ತಿಯೊಳಗೇ ಇದೆ ಅನ್ನುತ್ತಾರೆ. ಆದರೆ 2010ರಲ್ಲಿ ಇಲಿಯ ತತ್ತಿಯಲ್ಲಿ ಮೈಕ್ರೋ ಆರ್‌ಎನ್‌ಎ ತಯಾರಾಗದಂತೆ ಮಾಡಿದರೂ ತತ್ತಿ ಬಲಿಯಿತು, ಮರಿ ಹುಟ್ಟಿತು! ಅದೇ ವರ್ಷ, ತತ್ತಿಯನ್ನು ಸುತ್ತಿ ಸಾಕುವ ಗ್ರಾನ್ಯುಲೋಸಾ ಜೀವಕೋಶಗಳಲ್ಲಿ ಮಿರ್-21 ಎಂಬ ತುಣುಕನ್ನು ತಡೆದಾಗ ಆ ಜೀವಕೋಶಗಳೇ ಸಾಯತೊಡಗಿದವು. ಸಾಕುವವರು ಕೈಬಿಟ್ಟರೆ ತತ್ತಿ ಏನು ಮಾಡೀತು? ನೋಡಬೇಕಾದ್ದು ಅವರನ್ನು.

ಜಗಳೂರಿಂದ, ನ್ಯಾಮತಿಯಿಂದ ಸ್ಕ್ಯಾನಿಂಗಿಗೆ ಹೋದ ಹುಡುಗಿಯರು “ಪಿಸಿಒಡಿ, ನೀರುಗುಳ್ಳೆ” ಅಂತ ಕೇಳಿಸಿಕೊಂಡು ಬರುತ್ತಾರೆ. ಗುಳ್ಳೆ ಅಂದಕೂಡಲೇ ತಾಯಂದಿರು ಗಡ್ಡೆ ಅಂತ ಕಣ್ಣೀರು ಹಾಕೋದನ್ನು ನೋಡಿದ್ದೇನೆ. ತಾಯೀ, ಅದು ಗಡ್ಡೆಯಲ್ಲ. ಅರ್ಧ ಬೆಳೆದು ನಿಂತ ಅಂಡಕೋಶ, ಹಣ್ಣೂ ಆಗದ, ಉದುರಲೂ ಇಲ್ಲದ ಹರಳು. ಅಲ್ಲೂ ಈ ತುಣುಕುಗಳು ಏರುಪೇರಾಗಿರುತ್ತವೆ; ಯಾವುದು ಏರಿತು, ಯಾವುದು ಇಳಿಯಿತು ಅನ್ನೋದರಲ್ಲಿ ಒಂದು ಅಧ್ಯಯನಕ್ಕೂ ಇನ್ನೊಂದಕ್ಕೂ ತಾಳೆಯಾಗೋದಿಲ್ಲ.

ನನಗೂ ನಿದ್ದೆಗೆಡಿಸುವ ಮಾತೊಂದಿದೆ. ಸಣ್ಣ ಆರ್‌ಎನ್‌ಎ ಕತ್ತರಿಸುವ ಡೈಸರ್ ಕಿಣ್ವ ಇಲಿಯ ತತ್ತಿಯಲ್ಲಿ ಮೊಟಕಾಗಿದೆ ಅಂತ 2013ರಲ್ಲಿ ಗೊತ್ತಾಯಿತು. ಮನುಷ್ಯರಲ್ಲಿ ಆ ಮೊಟಕು ರೂಪವಿಲ್ಲ. ಹಾಗಾದರೆ ಮೈಕ್ರೋ ಆರ್‌ಎನ್‌ಎ ಇಲ್ಲದೆಯೂ ತತ್ತಿ ಬಲಿಯುತ್ತದೆ ಅಂತ ಇಲಿ ಹೇಳಿದ ಸಾಕ್ಷಿ ನಮ್ಮ ಮಗಳಿಗೆ ಎಷ್ಟು ಸಲ್ಲುತ್ತದೆ? ಪಿಸಿಒಡಿಯಲ್ಲಿ ಕಾಣುವ ಆ ಏರುಪೇರು ರೋಗಕ್ಕೆ ಕಾರಣವೋ, ರೋಗ ಬಿಟ್ಟುಹೋದ ಕಂದು ಚುಕ್ಕೆಯೋ? ಮೇಷ್ಟ್ರು ಇದ್ದಿದ್ದರೆ ಯಾವುದರ ಮೇಲೆ ಬೆರಳಿಡುತ್ತಿದ್ದರು?