ಸಲಹೆ ಕೊಡುವವರ ಸಾಲಿನಲ್ಲಿ ನಮ್ಮ ಮಕ್ಕಳೂ ಇರಲಿ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣ)



ಮಾನ್ಯ ಹಿರಿಯರೇ, ದಾನಿಗಳೇ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಿಂದ ಬಂದಿರುವ ತಂದೆ-ತಾಯಂದಿರೇ, ಪ್ರೀತಿಯ ಮಕ್ಕಳೇ,

ಪ್ರತಿ ವರ್ಷ ಈ ಸಭೆಯಲ್ಲಿ ನಾವು ಲೆಕ್ಕ ಒಪ್ಪಿಸುತ್ತೇವೆ. ಎಷ್ಟು ಝಕಾತ್ ಬಂತು, ಎಷ್ಟು ಮಕ್ಕಳ ಶುಲ್ಕ ಕಟ್ಟಿದೆವು ಎಂಬುದೆಲ್ಲ ನಿಮ್ಮ ಕೈಯಲ್ಲಿರುವ ವರದಿಯಲ್ಲಿದೆ. ಇಂದು ನಾವು ಮಾತನಾಡಲು ಸಾಮಾನ್ಯವಾಗಿ ಹಿಂಜರಿಯುವ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಆತ್ಮಹತ್ಯೆ ತಡೆಯುವ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವವರು ಯಾರು? ಅವರನ್ನು ಎಲ್ಲಿಂದ ಆರಿಸುತ್ತಾರೆ? ನಮ್ಮ ಊರು-ಮನೆಗಳನ್ನು ಬಲ್ಲವರು ಆ ಸಾಲಿನಲ್ಲಿ ಇದ್ದಾರೆಯೇ?

ಮೊದಲು ನಮ್ಮದೇ ತಪ್ಪನ್ನು ಹೇಳಿಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಅನುತ್ತೀರ್ಣರಾದವರ ವಿದ್ಯಾರ್ಥಿವೇತನ ಮುಂದುವರಿಯುವುದಿಲ್ಲ ಎಂಬುದು ಬಹುಕಾಲದಿಂದ ನಮ್ಮ ನಿಯಮವಾಗಿತ್ತು. ಫಲಿತಾಂಶ ಬಂದ ವಾರದಲ್ಲಿಯೇ ನಮ್ಮ ಕಚೇರಿಯಿಂದ ಎರಡು ಸಾಲಿನ ಪತ್ರ ಹೋಗುತ್ತಿತ್ತು. ದ್ವಿತೀಯ ಪಿಯುಸಿಯ ಒಬ್ಬ ಹುಡುಗನಿಗೂ ಹೀಗೇ ಪತ್ರ ಹೋಯಿತು. ಆ ಸಂಜೆ ಅವನು ಮನೆಗೆ ಬರಲಿಲ್ಲ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ. ಅಲ್‌ಹಮ್ದುಲಿಲ್ಲಾಹ್, ಈಗ ಕ್ಷೇಮವಾಗಿದ್ದಾನೆ, ಓದುತ್ತಿದ್ದಾನೆ. ಅವನ ತಾಯಿ ಆ ಪತ್ರ ಹಿಡಿದು ಕಚೇರಿಗೆ ಬಂದಿದ್ದರು. ಜಗಳ ಮಾಡಲಿಲ್ಲ. "ಭಾಯ್‌ಸಾಬ್, ಫೇಲಾದವನಿಗೆ ದುಡ್ಡಿಲ್ಲ ಅಂದರೆ ಸರಿ. ಪತ್ರ ಹಾಕುವ ಮೊದಲು ನಮಗೊಂದು ಫೋನ್ ಮಾಡಬಾರದಿತ್ತೇ?" ಎಂದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಆ ನಿಯಮ ಮಾಡಿದ ಸಮಿತಿಯಲ್ಲಿ ಲೆಕ್ಕ ಬಲ್ಲವರಿದ್ದರು, ಕಾನೂನು ಬಲ್ಲವರಿದ್ದರು, ನಿವೃತ್ತ ಮುಖ್ಯೋಪಾಧ್ಯಾಯರಿದ್ದರು. ಎಲ್ಲರೂ ಒಳ್ಳೆಯ ಮನಸ್ಸಿನವರೇ. ಆದರೆ ಒಬ್ಬ ತಾಯಿ ಇರಲಿಲ್ಲ. ಒಮ್ಮೆ ಫೇಲಾಗಿ ಮತ್ತೆ ಎದ್ದು ನಿಂತ ಒಬ್ಬ ಯುವಕನೂ ಇರಲಿಲ್ಲ. ನಮ್ಮ ದೀನ್ ನಮಗೆ ಮಶ್ವರಾ ಮಾಡಿ ಕೆಲಸ ಮಾಡಲು ಕಲಿಸಿದೆ. ಯಾರನ್ನು ಕೂರಿಸಿಕೊಂಡು ಮಶ್ವರಾ ಮಾಡುತ್ತೇವೆ ಎಂಬುದರ ಮೇಲೆ ತೀರ್ಮಾನ ನಿಂತಿರುತ್ತದೆ ಎಂದು ನಮಗೆ ಅಂದು ಅರ್ಥವಾಯಿತು.

ಸರ್ಕಾರದ ವಿಷಯದಲ್ಲಿಯೂ ಇದೇ ಮಾತು. ನಮ್ಮ ರಾಜ್ಯದಲ್ಲಿ ರೈತರ ಆತ್ಮಹತ್ಯೆಗಳು ಹೆಚ್ಚಿದಾಗ ಸರ್ಕಾರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಿವೃತ್ತ ಕುಲಪತಿ ಡಾ. ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ರಚಿಸಿತು. ಅದು 2002ರಲ್ಲಿ ವರದಿ ನೀಡಿತು. ಕುಡಿತ, ಕುಟುಂಬ ಕಲಹದಂತಹ ವೈಯಕ್ತಿಕ ಕಾರಣಗಳಿಗೆ ವರದಿ ಹೆಚ್ಚು ಒತ್ತು ಕೊಟ್ಟು, ಸಾಲ ಮತ್ತು ಬೆಲೆಯ ಹೊರೆಯನ್ನು ಹಗುರವಾಗಿ ಕಂಡಿದೆ ಎಂಬ ಟೀಕೆ ಬಂತು. ಆ ಚರ್ಚೆಯಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ನಮ್ಮ ಈ ತಾಲ್ಲೂಕುಗಳು ತಂಬಾಕು ಬೆಳೆಯುವ ಸೀಮೆ. ಸೌದೆ, ಗೊಬ್ಬರ, ಕೂಲಿಗೆ ಮಾಡಿದ ಸಾಲ ತೀರಬೇಕಾದರೆ ಬ್ಯಾರನ್‌ನಲ್ಲಿ ಸೊಪ್ಪು ಹದವಾಗಿ, ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಿನಲ್ಲಿ ಬೆಲೆ ಸಿಗಬೇಕು. ಅಲ್ಲಿಯವರೆಗೆ ಬೆಳೆಗಾರ ಮಾತ್ರವಲ್ಲ, ಬ್ಯಾರನ್ ಕೂಲಿಯವರು, ಸೌದೆ ವ್ಯಾಪಾರಿ, ಅಂಗಡಿಯವರು ಎಲ್ಲರೂ ಕಾಯುತ್ತಾರೆ. ಇದನ್ನು ಅನುಭವಿಸಿದವರು ಸಮಿತಿಯಲ್ಲಿದ್ದರೆ ಕುಡಿತವನ್ನೂ ಸಾಲವನ್ನೂ ಒಟ್ಟಿಗೇ ನೋಡುತ್ತಾರೆ. ಮನಸ್ಸಿನ ಕಾಯಿಲೆ ಬೇರೆ, ಮನೆಯ ಕಷ್ಟ ಬೇರೆ ಎಂದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಿಲ್ಲ.

ಸದಸ್ಯರನ್ನು ಬೇರೆ ಬೇರೆ ಕಡೆಯಿಂದ ಆರಿಸಿದ ಒಂದು ಉದಾಹರಣೆ ಈಗ ನಮ್ಮ ಮುಂದಿದೆ. ಐಐಟಿ ದೆಹಲಿಯಲ್ಲಿ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್ 24ರಂದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅದರ ಅಧ್ಯಕ್ಷರು. ಮನೋವೈದ್ಯರಿದ್ದಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಡಾ. ಸೀಮಾ ಮೆಹ್ರೋತ್ರಾ ಇದ್ದಾರೆ. ಹಮ್ದರ್ದ್ ವೈದ್ಯಕೀಯ ಸಂಸ್ಥೆಯ ಡಾ. ಅಕ್ಸಾ ಶೇಖ್ ಇದ್ದಾರೆ. ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ಅರ್ಮಾನ್ ಅಲಿ ಇದ್ದಾರೆ. 2009ರಲ್ಲಿ ರ‍್ಯಾಗಿಂಗ್‌ಗೆ ಮಗನನ್ನು ಕಳೆದುಕೊಂಡ ತಂದೆ ಪ್ರೊ. ಕಚ್ರೂ ಅವರೂ ಇದ್ದಾರೆ. ಮಗನನ್ನು ಕಳೆದುಕೊಂಡ ತಂದೆಯನ್ನು ಸಾಕ್ಷಿ ಹೇಳಿ ಹೋಗಲು ಕರೆಯದೆ, ಸಲಹೆಗಾರರಾಗಿ ಕೂರಿಸಿದ್ದಾರೆ. ಇದನ್ನು ನಾವು ಗಮನಿಸಬೇಕು.

ಸರಿಯಾದ ಸಲಹೆ ಜೀವ ಉಳಿಸುತ್ತದೆ ಎಂಬುದಕ್ಕೂ ನಿದರ್ಶನಗಳಿವೆ. ಚೆನ್ನೈನಲ್ಲಿ 1986ರಲ್ಲಿ 'ಸ್ನೇಹಾ' ಸಂಸ್ಥೆ ಕಟ್ಟಿದ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಅವರ ಸಂಗಡಿಗರು, ಫೇಲಾದ ಮಕ್ಕಳಿಗೆ ವರ್ಷ ಹಾಳಾಗದಂತೆ ಬೇಗನೆ ಮರುಪರೀಕ್ಷೆ ನಡೆಸಿ ಎಂದು ತಮಿಳುನಾಡು ಸರ್ಕಾರವನ್ನು ಒತ್ತಾಯಿಸಿದರು. ಸರ್ಕಾರ ಒಪ್ಪಿತು. ನಮ್ಮ ರಾಜ್ಯದಲ್ಲೂ 2023-24ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಮಕ್ಕಳೇ, ಒಂದು ಪರೀಕ್ಷೆ ಹೋದರೆ ಇನ್ನೊಂದಿದೆ. ಪೋಷಕರೇ, ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಅಂಕಪಟ್ಟಿಗಿಂತ ಮೊದಲು ಊಟ ಆಯಿತೇ ಎಂದು ಕೇಳಿ.

ಈಗ ನಮ್ಮ ಪಾಲಿನ ಕೆಲಸಕ್ಕೆ ಬರೋಣ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಆತ್ಮಹತ್ಯಾ ತಡೆ ಕಾರ್ಯತಂತ್ರ ಪ್ರಕಟಿಸಿತು. 2030ರೊಳಗೆ ಆತ್ಮಹತ್ಯೆಯ ಸಾವುಗಳನ್ನು ಶೇ. 10ರಷ್ಟು ಇಳಿಸುವುದು ಅದರ ಗುರಿ. ಇದಕ್ಕೆ ಎಲ್ಲ ಹಂತದಲ್ಲೂ ಬಲ್ಲವರು ಬೇಕು. ಆದರೆ ನಮ್ಮ ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಮನಃಶಾಸ್ತ್ರ ವಿಭಾಗ ಆರಂಭಿಸಿದ್ದು 1924ರಲ್ಲಿ. ನೂರು ವರ್ಷ ದಾಟಿತು. ಹುಣಸೂರಿನಿಂದ ಬಸ್ಸು ಹತ್ತಿದರೆ ಒಂದೂವರೆ ಗಂಟೆಯೊಳಗಿನ ದಾರಿ. ಆದರೂ ನಮ್ಮಲ್ಲಿಗೆ ಬರುವ ಅರ್ಜಿಗಳೆಲ್ಲ ಎಂಜಿನಿಯರಿಂಗ್, ಬಿ.ಕಾಂ., ಫಾರ್ಮಸಿಗೆ. ಸೈಕಾಲಜಿ ಎಂದರೆ "ಹುಚ್ಚರ ಓದು" ಎಂದು ಮನೆಯಲ್ಲೇ ಬೇಡವೆನ್ನುತ್ತಾರೆ. ಸಮಿತಿಯಲ್ಲಿ ನಮ್ಮವರಿಲ್ಲ ಎಂದು ಕೊರಗುವ ಮೊದಲು, ಆ ಓದಿಗೆ ನಾವು ಎಷ್ಟು ಮಕ್ಕಳನ್ನು ಕಳಿಸಿದ್ದೇವೆ ಎಂದು ಕೇಳಿಕೊಳ್ಳಬೇಕು.

ಆದ್ದರಿಂದ ನಾವು ನಾಲ್ಕು ತೀರ್ಮಾನ ಮಾಡಿದ್ದೇವೆ.

ಒಂದು, ಈ ವರ್ಷದಿಂದ ಮನಃಶಾಸ್ತ್ರ, ಎಂ.ಎಸ್.ಡಬ್ಲ್ಯೂ. ಮತ್ತು ಮನೋರೋಗ ಶುಶ್ರೂಷೆ ಓದುವವರಿಗೆ ಪ್ರತ್ಯೇಕ ವಿದ್ಯಾರ್ಥಿವೇತನ. ಪ್ರತಿ ತಾಲ್ಲೂಕಿನಿಂದ ಕನಿಷ್ಠ ಒಬ್ಬರು, ಹೆಣ್ಣುಮಕ್ಕಳಿಗೆ ಆದ್ಯತೆ. ಮನೆಯ ತಾಯಂದಿರ ಹತ್ತಿರ ದಖ್ಖನಿಯಲ್ಲಿ, ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಮಾತನಾಡಬಲ್ಲ ಹುಡುಗಿ ಕೆಲಸಕ್ಕೆ ನಿಂತರೆ ಎಷ್ಟೋ ಬಾಗಿಲು ತೆರೆಯುತ್ತವೆ.

ಎರಡು, ಅನುತ್ತೀರ್ಣರಾದವರಿಗೆ ಇನ್ನು ಪತ್ರ ಹೋಗುವುದಿಲ್ಲ. ನಮ್ಮವರೊಬ್ಬರು ಮನೆಗೆ ಹೋಗುತ್ತಾರೆ. ಮುಂದಿನ ಪರೀಕ್ಷೆಯ ಶುಲ್ಕ ಟ್ರಸ್ಟ್ ಕಟ್ಟುತ್ತದೆ.

ಮೂರು, ನಮ್ಮ ಆಯ್ಕೆ ಸಮಿತಿಯಲ್ಲಿ ಇನ್ನು ಮುಂದೆ ಇಬ್ಬರು ತಾಯಂದಿರು ಮತ್ತು ಒಬ್ಬ ಹಳೆಯ ವಿದ್ಯಾರ್ಥಿ ಇರುತ್ತಾರೆ.

ನಾಲ್ಕು, ಜಿಲ್ಲೆಯಲ್ಲಿ ಈ ವಿಷಯಕ್ಕೆ ಸಲಹಾ ಸಮಿತಿ ರಚಿಸುವಾಗ ತಜ್ಞ ವೈದ್ಯರ ಜೊತೆಗೆ ತಂಬಾಕು ಬೆಳೆಗಾರರು, ಆಶಾ ಕಾರ್ಯಕರ್ತೆಯರು, ಎಚ್.ಡಿ. ಕೋಟೆಯ ಹಾಡಿಗಳವರು, ತಮ್ಮವರನ್ನು ಕಳೆದುಕೊಂಡ ಕುಟುಂಬದವರು ಇರಲಿ ಎಂದು ಜಿಲ್ಲಾಡಳಿತಕ್ಕೆ ಮನವಿ ಕೊಡುತ್ತೇವೆ. ಇದು ಯಾವುದೇ ಒಂದು ಸಮುದಾಯದ ಬೇಡಿಕೆಯಲ್ಲ.

ದಾನಿಗಳ ಗಮನಕ್ಕೆ: ಝಕಾತ್ ಹಣ ಎಂದಿನಂತೆ ಅರ್ಹ ಬಡ ಮಕ್ಕಳಿಗೇ ಹೋಗುತ್ತದೆ. ಮನೆ ಭೇಟಿಯ ಖರ್ಚನ್ನು ಸದಖಾ ನಿಧಿಯಿಂದ ಮಾತ್ರ ಭರಿಸುತ್ತೇವೆ.

ಕೊನೆಯದಾಗಿ ಕುಟುಂಬಗಳಿಗೆ ಎರಡು ಮಾತು. ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಚಿಕಿತ್ಸೆ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂತಹ ವ್ಯಕ್ತಿಯನ್ನು ತೀವ್ರ ಒತ್ತಡದಲ್ಲಿರುವವರೆಂದೇ ಪರಿಗಣಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಂ ಇಲ್ಲ. ಇನ್ನೊಂದು, 14416 ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇದು ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳು ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಇಮಾಮ್ ಸಾಹೇಬರು ಇದನ್ನು ಮಸೀದಿಯ ಸೂಚನಾ ಫಲಕದಲ್ಲಿ ಹಾಕಿಸಬೇಕೆಂದು ವಿನಂತಿ. ದುಃಖದಲ್ಲಿರುವ ಮನೆಯ ಕುರಿತು ಜಮಾಅತ್‌ನಲ್ಲಿ ಪಿಸುಮಾತು ಬೇಡ. ಅವರಿಗೆ ಬೇಕಿರುವುದು ನಮ್ಮ ದುಆ ಮತ್ತು ನಮ್ಮ ಹಾಜರಿ.

ಜೀವ ಅಲ್ಲಾಹನು ಕೊಟ್ಟ ಅಮಾನತ್ತು. ಅದನ್ನು ಕಾಯುವ ಓದು ಓದಿ, ನಾಳೆ ಸರ್ಕಾರ ಬಲ್ಲವರನ್ನು ಹುಡುಕುವಾಗ ಹೆಸರು ಕೊಡಬಲ್ಲ ಮಕ್ಕಳು ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲೇ ಬೆಳೆಯಲಿ. ಆಮೀನ್.