ಕೊಯ್ದರೋ, ತೆಗೆದರೋ?



ವೈದ್ಯಕೀಯ ಪದಗಳ ವಿಚಾರ ಸಂಕಿರಣಕ್ಕೆ ತುರುವೇಕೆರೆ ಕಡೆಯ ಸಂಪಿಗೆಯಂಥ ಹಳ್ಳಿ ಏಕೆ ಎಂದು ಯಾರಾದರೂ ಕೇಳಬಹುದು. ಆ ಪದಗಳನ್ನು ಮೈಯಲ್ಲಿ ಹೊತ್ತವರು ಇರುವುದು ಇಂಥ ಊರುಗಳಲ್ಲೇ. ಈ ಸೀಮೆಯ ಮನೆಗಳಲ್ಲಿ ವಿಚಾರಿಸಿ ನೋಡಿ, ‘ನಂಗೆ ಆಪರೇಷನ್ ಆಗೈತೆ’ ಎನ್ನುವವರು ಸಿಗುತ್ತಾರೆ. ಯಾವುದರ ಆಪರೇಷನ್ ಎಂದರೆ ‘ಹೊಟ್ಟೇದು’ ಎನ್ನುತ್ತಾರೆ. ಒಳಗೆ ಏನು ತೆಗೆದರು, ಏನು ಉಳಿಸಿದರು ಎಂದು ಮುಂದಕ್ಕೆ ಕೇಳಿದರೆ ಮಾತು ನಿಲ್ಲುತ್ತದೆ. ಉತ್ತರವೇನೋ ಬೀರುವಿನಲ್ಲಿಟ್ಟ ಡಿಸ್ಚಾರ್ಜ್ ಚೀಟಿಯಲ್ಲಿದೆ, ಇಂಗ್ಲಿಷ್ ಲಿಪಿಯಲ್ಲಿ. ಅದೂ ಒಂದು ಉದ್ದನೆಯ ಪದದ ಕೊನೆಯ ತುಂಡಿನಲ್ಲಿ. ನನ್ನ ಮಾತು ಆ ತುಂಡಿನ ಬಗ್ಗೆ.

ಗ್ರೀಕ್ ಭಾಷೆಯಲ್ಲಿ ‘ಟೊಮೆ’ ಎಂದರೆ ಕೊಯ್ಯುವುದು, ‘ಎಕ್’ ಎಂದರೆ ಹೊರಕ್ಕೆ. ಎರಡೂ ಕೂಡಿ ‘ಎಕ್ಟಮಿ’ ಆದಾಗ ಕೊಯ್ದು ಹೊರತೆಗೆಯುವುದು ಎಂದಾಗುತ್ತದೆ. ‘ಎಕ್’ ಇಲ್ಲದ ಬರೀ ‘ಟಮಿ’ಯಲ್ಲಿ ಕೊಯ್ದು ತೆರೆಯುವುದಷ್ಟೇ ಇದೆ. ‘ಸ್ಟೊಮ’ ಎಂದರೆ ಬಾಯಿ. ಹೆಸರು ‘ಸ್ಟಮಿ’ ಎಂದು ಮುಗಿದರೆ ದೇಹದಲ್ಲಿ ಹೊಸದೊಂದು ಬಾಯಿ ಮಾಡಿದ್ದಾರೆಂದು ತಿಳಿಯಬೇಕು. ಕಲ್ಪತರು ನಾಡಿನವರಿಗೆ ಇದನ್ನು ಕಾಯಿಯಲ್ಲೇ ತೋರಿಸಬಹುದು. ಕಾಯಿ ಒಡೆದು ಹೋಳು ಮಾಡಿದರೆ ಟಮಿ. ಎಳನೀರು ಕೆತ್ತಿ ಬಾಯಿ ಬಿಡಿಸಿದರೆ ಸ್ಟಮಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಚಿಪ್ಪೊಡೆದು ಉಂಡೆ ಕೊಬ್ಬರಿಯನ್ನು ಇಡಿಯಾಗಿ ಹೊರತೆಗೆದರೆ ಎಕ್ಟಮಿ.

ಕಿಡ್ನಿಗೆ ಗ್ರೀಕ್ ಹೆಸರು ನೆಫ್ರೋಸ್. ನೆಫ್ರೊಲಿಥಾಟಮಿಯಲ್ಲಿ ಕಲ್ಲು ಹೊರಗೆ ಬರುತ್ತದೆ, ಕಿಡ್ನಿ ಉಳಿಯುತ್ತದೆ. ನೆಫ್ರಾಸ್ಟಮಿಯಲ್ಲಿ ಮೂತ್ರ ಹೊರಬರಲು ನಳಿಕೆ ಹಾಕುತ್ತಾರೆ. ನೆಫ್ರೆಕ್ಟಮಿಯಲ್ಲಿ ಕಿಡ್ನಿಯನ್ನೇ ತೆಗೆಯುತ್ತಾರೆ. ಮೂರೂ ಹೆಸರುಗಳ ಮೊದಲರ್ಧ ಒಂದೇ. ರೋಗಿಯ ಮನೆಯವರ ಕಿವಿಗೆ ಮೂರೂ ‘ಕಿಡ್ನಿ ಆಪರೇಷನ್’.

ನನ್ನನ್ನು ಹೆಚ್ಚು ಕಾಡುವುದು ಗರ್ಭಕೋಶದ ಸಂಗತಿ. ಹಿಸ್ಟರಾಟಮಿ ಎಂದರೆ ಗರ್ಭಕೋಶವನ್ನು ಕೊಯ್ದು ತೆರೆಯುವುದು. ಸಿಸೇರಿಯನ್ ಹೆರಿಗೆಯಲ್ಲಿ ಆಗುವುದು ಇದೇ. ಹಿಸ್ಟರೆಕ್ಟಮಿ ಎಂದರೆ ಗರ್ಭಕೋಶವನ್ನು ತೆಗೆದುಬಿಡುವುದು. ಮೊದಲನೆಯದಾದ ಮೇಲೂ ಹೆಣ್ಣುಮಗಳು ಮತ್ತೆ ಬಸುರಾಗಬಹುದು, ಎರಡನೆಯದಾದ ಮೇಲೆ ಎಂದಿಗೂ ಇಲ್ಲ. ಇವೆರಡರ ಜೊತೆಗೆ ಮಯೋಮೆಕ್ಟಮಿ ಇದೆ: ಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶವನ್ನು ಉಳಿಸುವುದು. ‘ಗಡ್ಡೆ ಐತೆ, ತೆಗೀಬೇಕು ಅಂದರು’ ಎಂದು ಹೇಳುವ ತಾಯಿಗೆ ಈ ಎರಡು ‘ಎಕ್ಟಮಿ’ಗಳಲ್ಲಿ ಯಾವುದಕ್ಕೆ ರುಜು ಹಾಕಿದೆನೆಂದು ಗೊತ್ತಿರುವುದೇ ಅಪರೂಪ.

ಡಿಸ್ಚಾರ್ಜ್ ಚೀಟಿಯಲ್ಲಿ ‘ಟಿ.ಎ.ಎಚ್.’ ಎಂದಿದ್ದರೆ ಹೊಟ್ಟೆ ಕೊಯ್ದು ಇಡೀ ಗರ್ಭಕೋಶ ತೆಗೆದಿದ್ದಾರೆ. ಮುಂದೆ ‘ಬಿ.ಎಸ್.ಒ.’ ಎಂದೂ ಇದ್ದರೆ ಎರಡೂ ಕಡೆಯ ನಾಳಗಳ ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದಾರೆ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅಂಡಾಶಯ ಹೋದರೆ ಈಸ್ಟ್ರೋಜನ್ ಒಮ್ಮೆಲೇ ಕುಸಿಯುತ್ತದೆ. ಮೈಯೆಲ್ಲ ಬಿಸಿಯೇರುತ್ತದೆ, ನಿದ್ದೆ ಕೆಡುತ್ತದೆ, ವರ್ಷಗಳು ಹೋದಂತೆ ಮೂಳೆ ಸವೆಯುತ್ತದೆ. ಕೂಲಿ ಮಾಡುವ ಹೆಣ್ಣುಮಗಳು ಸೊಂಟನೋವೆಂದು ಮಾತ್ರೆ ನುಂಗುತ್ತಲೇ ಇರುತ್ತಾಳೆ. ‘ಬಿ.ಎಸ್.ಒ.’ ಎಂಬ ಆ ಮೂರು ಅಕ್ಷರಗಳ ಅರ್ಥ ಅವಳಿಗೆ ಗೊತ್ತಿದ್ದರೆ ಮುಂದಿನ ವೈದ್ಯರಿಗೆ ತಾನೇ ಹೇಳುತ್ತಿದ್ದಳು.

ಏನೆಂದು ತಿಳಿಯದೆ ಗರ್ಭಕೋಶ ಕಳೆದುಕೊಳ್ಳುವುದು ಊಹೆಯ ಭಯವಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಲಂಬಾಣಿ ಹೆಂಗಸರು ಅಗತ್ಯವಿಲ್ಲದೆಯೇ ಗರ್ಭಕೋಶ ಕಳೆದುಕೊಂಡರೆಂಬ ಆರೋಪವನ್ನು ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಹೊರಗೆ ತಂದದ್ದು ನಿಮಗೆ ನೆನಪಿರಬಹುದು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇಕಡ 3.2ರಷ್ಟು ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿತ್ತು. ಅನಗತ್ಯ ಹಿಸ್ಟರೆಕ್ಟಮಿ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಅದೇ ಕೋರ್ಟಿನ, ಅದಕ್ಕೂ ಮೊದಲಿನ ತೀರ್ಪೊಂದನ್ನು ಈ ಸಭೆ ಗಮನಿಸಬೇಕು. 1995ರಲ್ಲಿ ದೆಹಲಿಯಲ್ಲಿ ಒಬ್ಬ ಮಹಿಳೆ ಲ್ಯಾಪರಾಸ್ಕಪಿಗೆ, ಅಂದರೆ ಹೊಟ್ಟೆಯ ಒಳಗೆ ನೋಡುವುದಕ್ಕೆ, ಒಪ್ಪಿ ರುಜು ಹಾಕಿದ್ದರು. ಅಗತ್ಯಬಿದ್ದರೆ ಲ್ಯಾಪರಾಟಮಿ, ಅಂದರೆ ಹೊಟ್ಟೆ ತೆರೆಯುವುದು, ಎಂದೂ ಒಪ್ಪಿಗೆ ಪತ್ರದಲ್ಲಿತ್ತು. ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ನಾಳ, ಅಂಡಾಶಯ ಎಲ್ಲವನ್ನೂ ತೆಗೆಯಲಾಯಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ 2008ರ ಜನವರಿಯ ತೀರ್ಪು ಸ್ಪಷ್ಟವಾಗಿದೆ: ನೋಡುವುದಕ್ಕೆ ಕೊಟ್ಟ ಒಪ್ಪಿಗೆ ತೆಗೆಯುವುದಕ್ಕೆ ಸಲ್ಲದು. ಜೀವಕ್ಕೆ ಅಪಾಯವಿಲ್ಲದಿದ್ದಾಗ, ವಯಸ್ಕ ರೋಗಿಯ ಬದಲು ತಾಯಿ ಕೊಟ್ಟ ಒಪ್ಪಿಗೆಯೂ ಸಾಲದು. ಹೆಂಡತಿಯ ಒಪ್ಪಿಗೆ ಪತ್ರಕ್ಕೆ ಗಂಡ, ತಾಯಿಯದಕ್ಕೆ ಮಗ ರುಜು ಹಾಕುವ ರೂಢಿ ಇರುವ ಕಡೆ ಈ ಮಾತನ್ನು ಜೋರಾಗಿ ಹೇಳಬೇಕು.

ಹಾಗಿದ್ದರೆ ಈ ಹೆಸರುಗಳಿಗೆ ಕನ್ನಡದಲ್ಲಿ ಏನೆನ್ನೋಣ? ಸುಶ್ರುತ ಸಂಹಿತೆಯ ಎಂಟು ಶಸ್ತ್ರಕರ್ಮಗಳಲ್ಲಿ ಛೇದನ, ಭೇದನ ಬೇರೆ ಬೇರೆ. ಕತ್ತರಿಸಿ ತೆಗೆಯುವುದು ಛೇದನ, ಸೀಳಿ ತೆರೆಯುವುದು ಭೇದನ. ಎಕ್ಟಮಿಗೂ ಟಮಿಗೂ ಇರುವ ಅಂತರ ನಮ್ಮ ಪರಂಪರೆಯಲ್ಲಿ ಸಾವಿರಾರು ವರ್ಷದಿಂದ ಇದೆ. ಡಾ. ಡಿ.ಎಸ್. ಶಿವಪ್ಪನವರಂಥವರು ವೈದ್ಯ ಪದಗಳ ಹುಟ್ಟು, ರಚನೆಗಳನ್ನು ಕನ್ನಡದಲ್ಲಿ ಬಿಡಿಸಿಟ್ಟರು. ಆ ಶ್ರಮಕ್ಕೆ ನಾವು ಋಣಿಗಳು. ಆದರೂ ನನ್ನ ಅಭಿಪ್ರಾಯದಲ್ಲಿ, ಪದಕೋಶಕ್ಕೆ ಛೇದನ ಇರಲಿ, ಹಾಸಿಗೆಯ ಪಕ್ಕದ ಮಾತಿಗೆ ‘ತೆಗೆಯುವುದು’, ‘ಕೊಯ್ದು ತೆರೆಯುವುದು’, ‘ಬಾಯಿ ಮಾಡುವುದು’ ಇವೇ ಸಾಕು. ‘ಗರ್ಭಾಶಯ ಛೇದನ’ ಎಂದು ಓದಿ ಹೇಳಿದರೆ ಅಜ್ಜಿಗೆ ಗ್ರೀಕ್ ಎಷ್ಟು ದೂರವೋ ಸಂಸ್ಕೃತವೂ ಅಷ್ಟೇ ದೂರ.

ಹೆಸರೇ ಪೂರ್ತಿ ಸತ್ಯ ಹೇಳದ ಕಡೆಯೂ ಇದೆ. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗಿರುವ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಟ್ಯುಬೆಕ್ಟಮಿಯಲ್ಲಿ ‘ಎಕ್ಟಮಿ’ ಇದ್ದರೂ ನಾಳವನ್ನು ಪೂರ್ತಿ ತೆಗೆಯುವುದಿಲ್ಲ. ಕಟ್ಟಿ ಚೂರು ಕತ್ತರಿಸುತ್ತಾರೆ, ಲ್ಯಾಪರಾಸ್ಕೋಪಿನಲ್ಲಾದರೆ ಉಂಗುರ ತೊಡಿಸುತ್ತಾರೆ. ಗರ್ಭಕೋಶ, ಅಂಡಾಶಯ ಎರಡೂ ಇದ್ದಲ್ಲೇ ಇರುತ್ತವೆ, ಮುಟ್ಟು ಮುಂದುವರಿಯುತ್ತದೆ. ಗಂಡಸರ ವ್ಯಾಸೆಕ್ಟಮಿಯಲ್ಲಿ ವೃಷಣವನ್ನು ಮುಟ್ಟುವುದೇ ಇಲ್ಲ. ಶಕ್ತಿ ಹೋಗುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಇವನ್ನೂ ಬಾಯಿಬಿಟ್ಟು ಹೇಳಬೇಕು.

ಮಧ್ಯಾಹ್ನದ ಗೋಷ್ಠಿಗಳಲ್ಲಿ ಒಂದು ಕೆಲಸ ಮುಗಿಸಿಕೊಡಿ ಎಂದು ಬೇಡುತ್ತೇನೆ. ಒಂದೇ ಪುಟದ ಕನ್ನಡ ಒಪ್ಪಿಗೆ ಪತ್ರ ಸಿದ್ಧವಾಗಲಿ. ಏನು ಕೊಯ್ಯುತ್ತೇವೆ, ಏನು ತೆಗೆಯುತ್ತೇವೆ, ಏನು ಉಳಿಸುತ್ತೇವೆ, ತೆಗೆಯದೆ ಬೇರೆ ದಾರಿ ಏನಿದೆ ಎಂಬ ನಾಲ್ಕು ಸಾಲು ಅದರಲ್ಲಿರಲಿ. ವೈದ್ಯರು ವಿಷಯ ತುಂಬಲಿ, ಕನ್ನಡ ಅಧ್ಯಾಪಕರು ಭಾಷೆ ತಿದ್ದಲಿ, ಆಶಾ ಕಾರ್ಯಕರ್ತೆಯರು ಓದಿ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಗೆರೆ ಹಾಕಲಿ. ಸಂಜೆ ನಾವು ಇಲ್ಲಿಂದ ಏಳುವ ಮೊದಲು ಆ ಪುಟ ನಮ್ಮ ಕೈಯಲ್ಲಿರಲಿ.