ನಮ್ಮ ಮಕ್ಕಳು ಮತ್ತು ದುಶ್ಚಟ: ನಮ್ಮ ಮನೆಯ ಒಂದು ಅನುಭವ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರು ಆಗಲೇ ವಿವರವಾಗಿ ತಿಳಿಸಿದ್ದಾರೆ. ನನಗೆ ಕೊಟ್ಟಿದ್ದ ವಿಷಯ ‘ಯುವಕರು ಮತ್ತು ಹೈನುಗಾರಿಕೆ’. ಅವರ ಅಪ್ಪಣೆ ಪಡೆದು ಅದನ್ನು ಸ್ವಲ್ಪ ಬದಲಾಯಿಸಿಕೊಂಡಿದ್ದೇನೆ. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಭಾಷಣಕಾರನಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನನ್ನ ತಮ್ಮನ ಮಗನ ವಿಷಯ ಊರಿಗೆಲ್ಲ ಗೊತ್ತು. ಯಾರೂ ನಮ್ಮ ಎದುರಿಗೆ ಆಡಲಿಲ್ಲ, ಅಷ್ಟೇ. ಇಲ್ಲಿ ಮಾತಾಡುವ ಮೊದಲು ಅವನನ್ನೇ ಕೇಳಿದೆ. “ಹೇಳಿ ದೊಡ್ಡಪ್ಪ, ಆದರೆ ಪೂರ್ತಿ ಹೇಳಿ” ಅಂದ. ಆ ಮಾತಿನ ಅರ್ಥ ಆಮೇಲೆ ಹೇಳುತ್ತೇನೆ.

ಅವನು ಆಗ ಪಿ.ಯು.ಸಿ.ಯಲ್ಲಿದ್ದ. ಬೆಳಗಿನ ಹಾಲು ಡೈರಿಗೆ ತರುತ್ತಿದ್ದವನು ಅವನೇ. ಒಂದು ದಿನ ನಮ್ಮ ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದು, “ಅಣ್ಣಾ, ನಿಮ್ಮ ಮನೆ ಹಾಲಿನ ಡಿಗ್ರಿ ಬೀಳ್ತಾ ಇದೆ, ಫ್ಯಾಟೂ ಇಲ್ಲ” ಅಂದರು. ನಿರ್ದೇಶಕನ ಮನೆ ಹಾಲೇ ಹೀಗಾದರೆ ಹೇಗೆ ಅಂತ ನಾಚಿಕೆಯಾಯಿತು. ಹಸುವಿನ ದೋಷ ಅಂದುಕೊಂಡು ಹಿಂಡಿ ಬದಲಾಯಿಸಿದೆವು, ಜಂತುಹುಳದ ಔಷಧಿ ಹಾಕಿಸಿದೆವು, ಖನಿಜ ಮಿಶ್ರಣ ಕೊಟ್ಟೆವು. ಮೂರು ವಾರ ಆ ಮೂಕಪ್ರಾಣಿಯ ಮೇಲೇ ಅನುಮಾನ. ಹುಡುಗ ದಾರಿಯಲ್ಲಿ ಒಂದು ಲೀಟರು ಹಾಲನ್ನು ಟೀ ಅಂಗಡಿಗೆ ಮಾರಿ, ಅಷ್ಟೇ ನೀರು ಬೆರೆಸಿ ತರುತ್ತಿದ್ದ. ಹಾಲಿನ ದುಡ್ಡು ಈಗ ಖಾತೆಗೇ ಬರುತ್ತದಲ್ಲ, ಅವರಪ್ಪನ ಮೊಬೈಲಿನಿಂದ ನೂರು, ಇನ್ನೂರು ಅಂತ ಹೋಗಿದ್ದೂ ಆಮೇಲೆ ಗೊತ್ತಾಯಿತು.

ನೋಡುವ ಕಣ್ಣಿದ್ದರೆ ಬೇರೆ ಗುರುತುಗಳೂ ಇದ್ದವು. ನಮ್ಮ ಜೊತೆ ಊಟಕ್ಕೆ ಕೂರುವುದು ಬಿಟ್ಟಿದ್ದ. ಹಳೆಯ ಗೆಳೆಯರು ಮನೆಗೆ ಬರುವುದು ನಿಂತಿತ್ತು, ಹೊಸಬರು ಹಿತ್ತಲ ಕಡೆಯಿಂದ ಶಿಳ್ಳೆ ಹಾಕುತ್ತಿದ್ದರು. ಕಣ್ಣು ಕೆಂಪು, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ, ಬಾಯಲ್ಲಿ ಯಾವಾಗಲೂ ಏಲಕ್ಕಿ. ಕಬಡ್ಡಿ ಅಂದರೆ ಪ್ರಾಣ ಬಿಡುತ್ತಿದ್ದವನು ಆಟದ ಕಡೆ ತಿರುಗಿ ನೋಡಲಿಲ್ಲ. ಹಾಗಂತ ಮಗ ಒಂದು ದಿನ ಸಿಡುಕಿದ ಅಂತ ಕುಡುಕನ ಪಟ್ಟ ಕಟ್ಟಬೇಡಿ. ಆ ವಯಸ್ಸೇ ಸಿಡುಕಿನ ವಯಸ್ಸು. ಇಂಥವು ನಾಲ್ಕಾರು ಒಟ್ಟಿಗೇ ಕಂಡು, ವಾರಗಟ್ಟಲೆ ಹಾಗೇ ಇದ್ದರೆ ಆಗ ವಿಚಾರಿಸಬೇಕು. ಅದೂ ಅವನು ನಿಶೆಯಲ್ಲಿಲ್ಲದಾಗ, ನಾಲ್ಕು ಜನರ ಎದುರಿಗಲ್ಲ.

ನಾನು ಮಾಡಿದ್ದು ತದ್ವಿರುದ್ಧ. ಕೊಟ್ಟಿಗೆಯ ಹಗ್ಗದಲ್ಲಿ ಹೊಡೆದೆ. ಎರಡು ದಿನ ಕೋಣೆಯಲ್ಲಿ ಕೂಡಿಹಾಕಿದೆವು. ಎರಡನೆಯ ದಿನ ಕೈ ನಡುಗಿ ವಾಂತಿ ಮಾಡಿಕೊಂಡಾಗ ನಾಟಕ ಅಂದೆ. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಕೆಲವರಿಗೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು, ವೈದ್ಯರ ಕಣ್ಣಳತೆಯಲ್ಲೇ ಬಿಡಿಸಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ತಾಯತ ಕಟ್ಟಿಸಿದೆವು. ಊಟದಲ್ಲಿ ಗೊತ್ತಾಗದಂತೆ ಕಲಸುವ ಪುಡಿಯನ್ನೂ ಒಬ್ಬರು ತಂದುಕೊಟ್ಟಿದ್ದರು. ಪುಣ್ಯಕ್ಕೆ ಹಾಕಲಿಲ್ಲ. ಮದ್ಯದ ಜೊತೆ ಸೇರಿದರೆ ವಾಂತಿ, ಎದೆಬಡಿತ ತರುವ ಔಷಧಿಯೊಂದಿದೆ, ಅದನ್ನು ವೈದ್ಯರು ಹೇಳಿ, ರೋಗಿ ಒಪ್ಪಿ ತೆಗೆದುಕೊಳ್ಳಬೇಕಂತೆ. ಇಂಥ ಪುಡಿಗಳಲ್ಲಿ ಏನು ಬೆರೆಸಿರುತ್ತಾರೋ ಯಾರು ಬಲ್ಲರು.

ಆಸ್ಪತ್ರೆಗೆ ಮಾತ್ರ ಹೋಗಲಿಲ್ಲ. ಮರ್ಯಾದೆ ಹೋಗುತ್ತೆ, ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದಾಳೆ ಅಂತ. ಹೀಗೆ ಒಂದು ವರ್ಷ ಮುಚ್ಚಿಟ್ಟೆವು. ಆ ವರ್ಷದಲ್ಲಿ ಕುಡಿತದ ಜೊತೆ ಗಾಂಜಾನೂ ಸೇರಿತ್ತು.

ಕೊನೆಗೆ ಬಾಯಿ ಬಿಟ್ಟವಳು ನನ್ನ ನಾದಿನಿ, ಹುಡುಗನ ತಾಯಿ. ಆಶಾ ಕಾರ್ಯಕರ್ತೆಯ ಹತ್ತಿರ ಅತ್ತುಕೊಂಡಳು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೇ ಗೊತ್ತಾದ ದಿನ ಮನೋವೈದ್ಯರು ಬರುತ್ತಾರೆ ಅಂತ ಆಕೆಯಿಂದಲೇ ನಮಗೆ ತಿಳಿದದ್ದು. ನಿಮ್ಹಾನ್ಸ್‌ನವರು ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತಂತೆ. ಇಷ್ಟು ಹತ್ತಿರ ಇದ್ದದ್ದು ನಮಗೇ ಗೊತ್ತಿಲ್ಲ, ನೋಡಿ.

ಗಾಂಜಾ ಅಂದರೆ ಪೊಲೀಸ್ ಕೇಸಾಗುತ್ತೆ ಅಂತ ನಮ್ಮ ತಮ್ಮ ಹೆದರಿದ್ದ. ಮಾದಕ ವಸ್ತುಗಳ ಕಾಯ್ದೆಯಲ್ಲೇ, ವ್ಯಸನಿಯಾದವನು ತಾನಾಗಿ ಚಿಕಿತ್ಸೆಗೆ ಬಂದರೆ ಅವನಿಗೆ ರಕ್ಷಣೆ ಕೊಡುವ 64ಎ ಅನ್ನುವ ಕಲಂ ಇದೆ. ಆ ಹೆದರಿಕೆಯಿಂದ ಯಾರೂ ಮನೆಯಲ್ಲೇ ಉಳಿಯಬಾರದು.

ವೈದ್ಯರು ಮೊದಲು ಮಾಡಿದ ಕೆಲಸ ನನ್ನನ್ನು ಹೊರಗೆ ಕಳಿಸಿದ್ದು. ಹುಡುಗನ ಹತ್ತಿರ ಅರ್ಧ ಗಂಟೆ ಮಾತಾಡಿದರು. ಆಮೇಲೆ ನಮ್ಮನ್ನು ಕರೆದು, ಇದು ಕಾಯಿಲೆ, ಸಕ್ಕರೆ ಕಾಯಿಲೆಯ ಹಾಗೆ ಬಹಳ ದಿನ ನೋಡಿಕೊಳ್ಳಬೇಕಾದ್ದು, ಇಪ್ಪತ್ತು ದಾಟುವವರೆಗೂ ಮೆದುಳು ಬೆಳೆಯುತ್ತಲೇ ಇರುವುದರಿಂದ ಈ ವಯಸ್ಸಿನಲ್ಲಿ ಹಾನಿ ಹೆಚ್ಚು ಅಂತ ತಿಳಿಸಿ ಹೇಳಿದರು. ಕೆಲವು ದಿನ ದಾಖಲು ಮಾಡಿಕೊಂಡರು. ಮನೆಗೆ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಹೋಗಬೇಕಿತ್ತು.

ಮೂರು ತಿಂಗಳು ಚೆನ್ನಾಗಿದ್ದ. ಜಾತ್ರೆಯ ದಿನ ಮತ್ತೆ ಕುಡಿದು ಬಂದ. ನಾನು “ಮುಗೀತು, ಇವನು ನಮ್ಮ ಪಾಲಿಗಿಲ್ಲ” ಅಂದುಬಿಟ್ಟೆ. ಅವರಮ್ಮ ಬೆಳಗಾಗುವುದನ್ನೇ ಕಾದಿದ್ದು, ಅವನನ್ನು ಕರೆದುಕೊಂಡು ಮೊದಲನೇ ಬಸ್ಸು ಹತ್ತಿದಳು. ಮನಸ್ಸು ತಡೆಯದೆ ನಾನೂ ಹಿಂದೆಯೇ ಹೋದೆ. ವೈದ್ಯರು ಬೈಯಲಿಲ್ಲ. “ಮತ್ತೆ ಬಂದಿರಲ್ಲ, ಅದು ಒಳ್ಳೆಯದು. ಎಷ್ಟೋ ಜನಕ್ಕೆ ಹೀಗಾಗುತ್ತೆ” ಅಂದರು. ಎಲ್ಲಿ, ಯಾರ ಜೊತೆ ಇದ್ದಾಗ ಆಸೆ ಬಂತು ಅಂತ ಹುಡುಗನಿಂದಲೇ ಹೇಳಿಸಿದರು. ಹಾಗೇ ಕೇಳುತ್ತಾ, ಮೊಟ್ಟಮೊದಲು ಕುಡಿದದ್ದು ಯಾವಾಗ ಅಂದರು. ನಾನು ಅಲ್ಲೇ ಕೂತಿದ್ದೆ. ಅವನು ನೆಲ ನೋಡಿಕೊಂಡು, “ದೊಡ್ಡಪ್ಪ ಎಲೆಕ್ಷನ್ ಗೆದ್ದ ರಾತ್ರಿ ಸಾರ್” ಅಂದ.

ಇದೇ ಸಂಘದ ಎಲೆಕ್ಷನ್ನು, ಸ್ವಾಮಿ. ಆಗ ಅವನು ಹತ್ತನೇ ಕ್ಲಾಸು. ನನ್ನ ಪರವಾಗಿ ಓಡಾಡಿದ ಹುಡುಗರಿಗೆ ಅಂತ ಕೇಸುಗಟ್ಟಲೆ ತರಿಸಿದ್ದೆವು. ದುಡ್ಡು ನನ್ನದು. ಯಾರು ಕುಡಿದರು, ಯಾವ ವಯಸ್ಸಿನವರು ಅಂತ ನಾನು ನೋಡಲೂ ಇಲ್ಲ. ಎದುರು ಪಾರ್ಟಿಯವರೂ ತರಿಸಿದ್ದರು, ಆದರೆ ಇವತ್ತು ಅವರ ಮಾತು ಬೇಡ.

2007ರ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ತಾಯಂದಿರು ಎಷ್ಟು ಸಂತೋಷಪಟ್ಟರು ಅನ್ನುವುದು ನನಗೆ ನೆನಪಿದೆ. ಆಮೇಲೆ ಟೆಟ್ರಾ ಪ್ಯಾಕೆಟ್ ಬಂತು. ಶಾಲೆಯ ಬ್ಯಾಗಿನಲ್ಲಿಟ್ಟರೆ ಹಣ್ಣಿನ ರಸದ ಪ್ಯಾಕೆಟ್ಟು ಅಂದುಕೊಳ್ಳಬೇಕು. ಇನ್ನು ಪಂಕ್ಚರ್ ಹಾಕುವ ಸೊಲ್ಯೂಷನ್, ವೈಟ್ನರ್ ಮೂಸುವುದು ಬೇರೆ. ಏಮ್ಸ್ ಆಸ್ಪತ್ರೆಯವರು ಮಾಡಿ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಚಟ ಈ ಮೂಸುವುದೊಂದೇ. ಸೈಕಲ್ ಅಂಗಡಿ ಇಟ್ಟಿರುವ ಸದಸ್ಯರು ದಯಮಾಡಿ ಗಮನಿಸಬೇಕು.

ಹದಿನೆಂಟು ತುಂಬದವರಿಗೆ ಮದ್ಯವಾಗಲಿ ತಂಬಾಕಾಗಲಿ ಕೊಟ್ಟವರಿಗೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಉಂಟು. ಮಾರಿದವನಿಗೆ ಮಾತ್ರವಲ್ಲ, ಕೊಟ್ಟವನಿಗೂ. ಆ ರಾತ್ರಿಯ ಲೆಕ್ಕದಲ್ಲಿ ಮೊದಲು ನಾನೇ ಒಳಗೆ ಹೋಗಬೇಕಿತ್ತು.

ಹುಡುಗ ಈಗ ಐ.ಟಿ.ಐ. ಸೇರಿದ್ದಾನೆ. ಬಿಟ್ಟು ಹದಿನಾಲ್ಕು ತಿಂಗಳಾಯಿತು. ವಾಸಿಯಾಯಿತು ಅಂತ ಅವನೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹಾಲು ಮತ್ತೆ ಅವನ ಕೈಗೇ ಕೊಟ್ಟಿದ್ದೇವೆ. ಮೊದಮೊದಲು ನಾನು ಕದ್ದು ಬಂದು ಡಿಗ್ರಿ ಕೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ.

ಆಡಳಿತ ಮಂಡಳಿಯ ಮುಂದಿನ ಸಭೆಗೆ ನಾನೊಂದು ವಿಷಯ ಬರೆದುಕೊಟ್ಟಿದ್ದೇನೆ. ಬರುವ ಚುನಾವಣೆಯಲ್ಲಿ ಹೆಂಡ ಹಂಚಿದ ಅಭ್ಯರ್ಥಿಗೆ, ಅವನು ನಮ್ಮವನಾದರೂ ಸರಿ, ಓಟು ಹಾಕುವುದಿಲ್ಲ ಅಂತ ಸದಸ್ಯರೆಲ್ಲ ಮಹಾಸಭೆಯಲ್ಲಿ ಕೈ ಎತ್ತಿ ಹೇಳಬೇಕು. ಹೆಂಡ ಹಂಚದೆ ನಾನು ಸೋತರೆ ಸೋಲುತ್ತೇನೆ.

ಸರ್ಕಾರದ ಎರಡು ಉಚಿತ ಫೋನ್ ನಂಬರುಗಳಿವೆ: ಚಟ ಬಿಡಿಸುವ ಸಲಹೆಗೆ 14446, ಮನಸ್ಸಿನ ಯಾವುದೇ ತೊಂದರೆಗೆ ಹಗಲು ರಾತ್ರಿ ಸಿಗುವ ಟೆಲಿ ಮನಸ್ 14416. ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇವೆರಡನ್ನೂ ಹಾಲು ಅಳೆಯುವ ಜಾಗದ ಗೋಡೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಬರೆಸಲು ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ. ಬಣ್ಣದ ಖರ್ಚು ನನ್ನದು.

ಊಟದ ಹೊತ್ತಾಗಿದೆ.